ಜಾರ್ಜ್ ಲೂಯಿಸ್ ಅಂತ ಒಬ್ಬ ಕ್ಲಾರಿನೆಟ್ ವಾದಕ, ಯಾರಿಗಾದರೂ ಗೊತ್ತುಂಟಾ?

ಬದಿಯಡ್ಕದವ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಕಳೆದ ತಿಂಗಳು ಅಜ್ಜನ ಮನೆಯ ಮಾಡು ಬಿಚ್ಚುವ ಮೊದಲು ಅಟ್ಟ ಖಾಲಿ ಮಾಡಿದೆವು. ಅಡಿಕೆ ಗೋಣಿಗಳ ಅಡಿಯಲ್ಲಿ ಒಂದು ಕಪ್ಪು ಪೆಟ್ಟಿಗೆ ಸಿಕ್ಕಿತು. ಚಿಲಕ ಹೋಗಿತ್ತು, ಸೆಣಬಿನ ಹುರಿ ಸುತ್ತಿ ಕಟ್ಟಿದ್ದರು. ಬಿಚ್ಚಿದರೆ ಐದು ತುಂಡಾಗಿ ಒಂದು ಕ್ಲಾರಿನೆಟ್. ಅಜ್ಜ ಪ್ರಾಯದಲ್ಲಿ ಬ್ಯಾಂಡ್ ಸೆಟ್ಟಿನ ಜೊತೆ ದಿಬ್ಬಣಗಳಿಗೆ ಹೋಗುತ್ತಿದ್ದರು ಅಂತ ಅಮ್ಮ ಹೇಳುವುದುಂಟು. ವಾದ್ಯ ಮನೆಯಲ್ಲೇ ಇದೆ ಅಂತ ಅಮ್ಮನಿಗೂ ಗೊತ್ತಿರಲಿಲ್ಲ.

ಇದನ್ನು ಜೋಡಿಸುವುದು ಹೇಗೆ ಅಂತ ಯೂಟ್ಯೂಬಿನಲ್ಲಿ ಹುಡುಕುತ್ತಿದ್ದೆ. ಅದು ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದಲ್ಲ, ಹಾಗೆ ಹೋಗಿ ಹೋಗಿ 'ಬರ್ಗಂಡಿ ಸ್ಟ್ರೀಟ್ ಬ್ಲೂಸ್' ಅಂತ ಒಂದು ಬಂತು. ಜಾರ್ಜ್ ಲೂಯಿಸ್, 1944. ಸುಮಾರು ಮೂರು ನಿಮಿಷದ್ದು. ಧ್ವನಿ ಹಳೇ ರೇಡಿಯೋದ ಹಾಗೆ ಕರಕರ ಅನ್ನುತ್ತದೆ. ಹಿಂದೆ ಎರಡು ತಂತಿವಾದ್ಯ, ಮುಂದೆ ಈ ಮನುಷ್ಯನ ಕ್ಲಾರಿನೆಟ್. ನನಗೆ ಸಂಗೀತದ ಗಂಧಗಾಳಿ ಇಲ್ಲ. ಆದರೂ ಆ ರಾತ್ರಿ ಹದಿನಾಲ್ಕು ಸಲ ಕೇಳಿದೆ. ಅತ್ತ ಹಾಗೂ ಅಲ್ಲ, ನಕ್ಕ ಹಾಗೂ ಅಲ್ಲ, ಎಂತದೋ ಒಂದು.

ಇವರು ಯಾರು? ಇದನ್ನು ಊದಿಯೇ ಬದುಕಿದರಾ? ನನಗೆ ಈಗ 31, ಇನ್ನು ಕಲಿಯಲು ಆಗುತ್ತದಾ? ಅಜ್ಜನ ವಾದ್ಯ ಸಾಕಾ, ಹೊಸದು ತೆಗೆದುಕೊಳ್ಳಬೇಕಾ? ಮನೆಯಲ್ಲಿ ಎಲ್ಲರೂ ಶೋಕೇಸಿನಲ್ಲಿ ಇಡು ಅನ್ನುತ್ತಿದ್ದಾರೆ.


ಸುಮ್ನೆ ಬಂದವ:

ನೀವು ಕೇಳಿದ್ದು ಅಮೆರಿಕದ ಜಾಝ್ ಸಂಗೀತ. ಜಾಝ್ ಅಂದರೆ ಸ್ಯಾಕ್ಸೋಫೋನ್ ಅಲ್ವಾ? ನಮ್ಮ ಕದ್ರಿ ಗೋಪಾಲನಾಥರು ಊದಿದ ಊರು ಬಿಟ್ಟು ಅಮೆರಿಕಕ್ಕೆ ಯಾಕೆ ಹೋಗುತ್ತೀರಿ ಮಾರಾಯ್ರೆ? ಈಗ ಭೂತದ ಕೋಲಕ್ಕೂ ಸ್ಯಾಕ್ಸ್, ಮದುವೆಗೂ ಸ್ಯಾಕ್ಸ್. ಕ್ಲಾರಿನೆಟ್ ಊದುವವರು ನಮ್ಮ ಊರ ಕಡೆ ಈಗ ಯಾರಿದ್ದಾರೆ? ಶೋಕೇಸೇ ಒಳ್ಳೆಯದು.


ಹಳೇ ಬ್ಯಾಂಡಿನವ:

ಶೋಕೇಸಿನಲ್ಲಿ ಮಾತ್ರ ಇಡಬೇಡಿ ತಮ್ಮಾ. ಊದದ ಮರ ಒಣಗಿ ಬಿರುಕು ಬಿಡುತ್ತದೆ.

ನಿಮ್ಮ ಪ್ರಶ್ನೆಯನ್ನು ಮಗಳು ತೋರಿಸಿದಳು. ರಾತ್ರಿ ಹನ್ನೊಂದು ಗಂಟೆಗೆ ಎದ್ದು ಕೂತು ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಸರಿ ಮಾಡಿಕೊಂಡು ಓದಿ. ನಾನು ಕಾಸರಗೋಡಿನ ಕುಂಬಳೆ ಹತ್ತಿರದವ. 66 ವರ್ಷ. 1979ರಿಂದ 24 ವರ್ಷ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದಿದ್ದೇನೆ. ಅದರಿಂದ ಹೊಟ್ಟೆ ತುಂಬಿತಾ ಅಂತ ಕೇಳಿದರೆ ಇಲ್ಲ. ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಮದ್ದು ಬಿಡುವುದು, ಬೇಸಿಗೆಯಲ್ಲಿ ಮದುವೆ. ನಡುವೆ ಅಡಿಕೆ ಸುಲಿಯುವುದು. ಒಂದೇ ಕೈ ಎಲ್ಲಕ್ಕೂ. ಮೈಲುತುತ್ತಿನ ನೀಲಿ ಉಗುರಿನ ಸಂದಿಯಲ್ಲಿ ಹಾಗೇ ಇರುತ್ತಿತ್ತು. ಯೂನಿಫಾರ್ಮು, ಟೊಪ್ಪಿ ಎಲ್ಲ ಹಾಕಿ ನಿಂತರೂ ಮದುಮಗಳ ಕಡೆಯವರು ಮೊದಲು ನೋಡುತ್ತಿದ್ದದ್ದು ನನ್ನ ಬೆರಳು.

ಲೂಯಿಸ್ ನನಗೆ ಸಿಕ್ಕಿದ್ದು ತಪ್ಪಿ. 1986ರಲ್ಲಿ ನನ್ನ ಬಾವ ಬಹ್ರೇನಿನಿಂದ ಬರುವಾಗ ಒಂದು ಚೀಲ ಹಳೇ ಕ್ಯಾಸೆಟ್ ತಂದಿದ್ದರು. ಅಲ್ಲಿ ರೂಮಿನಲ್ಲಿ ಯಾರೋ ಬಿಟ್ಟುಹೋದದ್ದು. ಹೆಚ್ಚಿನದು ಹಿಂದಿ ಹಾಡು. ಒಂದಕ್ಕೆ ಮಾತ್ರ ಚೀಟಿ ಕಿತ್ತುಹೋಗಿತ್ತು. ಹಾಕಿ ನೋಡಿದರೆ ಕ್ಲಾರಿನೆಟ್! ನಮ್ಮದೇ ವಾದ್ಯ, ಆದರೆ ನಮ್ಮ ಹಾಗೆ ಹಾಡನ್ನು ಹಿಂಬಾಲಿಸುವುದಿಲ್ಲ. ಟೇಪು ಸಿಕ್ಕಿಹಾಕಿಕೊಂಡಾಗೆಲ್ಲ ಪೆನ್ಸಿಲ್ ತುರುಕಿ ಸುತ್ತಿದ್ದೇನೆ. ಊದುವವರ ಹೆಸರು ಗೊತ್ತಾದದ್ದು 2009ರಲ್ಲಿ, ಮಗಳು ಕಾಲೇಜಿನ ಕಂಪ್ಯೂಟರಿನಲ್ಲಿ ಹುಡುಕಿ ಕೊಟ್ಟ ಮೇಲೆ. 23 ವರ್ಷ ಹೆಸರೇ ಗೊತ್ತಿಲ್ಲದ ಗುರುವಿನ ಶಿಷ್ಯ ನಾನು. ಆಮೇಲೆ ಸಿಕ್ಕಿದ್ದನ್ನೆಲ್ಲ ಮಗಳ ಹತ್ತಿರ ಓದಿಸಿಕೊಂಡೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಊರು ನ್ಯೂ ಆರ್ಲಿಯನ್ಸ್, ಅಮೆರಿಕದ ದಕ್ಷಿಣದ ಬಂದರು. ಹುಟ್ಟಿದ್ದು 1900ನೇ ಇಸವಿ ಜುಲೈ 13. ಹುಟ್ಟಿದಾಗಿನ ಹೆಸರು ಉದ್ದ ಉಂಟು, ಅದರಲ್ಲಿದ್ದ ಫ್ರೆಂಚ್ 'ಲೂಯಿ' ಸವೆದು 'ಲೂಯಿಸ್' ಆಯಿತು. ಅವರು ಕಪ್ಪು ಜನ, ಮನೆಯಲ್ಲಿ ಅಮ್ಮ ಆಡುತ್ತಿದ್ದದ್ದು ಫ್ರೆಂಚು. ಒಳಗೊಂದು ಭಾಷೆ, ಬೀದಿಗೊಂದು ಭಾಷೆ, ಬರೆಯುವುದಕ್ಕೆ ಇನ್ನೊಂದು. ನಮಗೆ ಇದರಲ್ಲಿ ಆಶ್ಚರ್ಯ ಎಂತದೂ ಇಲ್ಲ. ಯಾರ ಹತ್ತಿರವೂ ಪಾಠ ಹೇಳಿಸಿಕೊಂಡವರಲ್ಲ. ಸ್ವರ ಬರೆದ ಕಾಗದ ಓದಲು ಕೊನೆಯವರೆಗೂ ಬರಲಿಲ್ಲ. 17ನೇ ವಯಸ್ಸಿಗೆ ದುಡ್ಡಿಗೆ ಊದುತ್ತಿದ್ದರು.

ಆ ಊರಲ್ಲಿ ಬ್ಯಾಂಡಿಗೆ ಕೆಲಸ ಕಡಿಮೆ ಇರಲಿಲ್ಲ. ಡ್ಯಾನ್ಸಿಗೆ, ಮೆರವಣಿಗೆಗೆ, ಸಾವಿಗೂ ಬ್ಯಾಂಡ್. ಸಾವಿನದ್ದು ಕೇಳಿ. ಸ್ಮಶಾನಕ್ಕೆ ಹೋಗುವಾಗ ಕಾಲೆಳೆದುಕೊಂಡು ನಡೆಯುವ ಲಯದಲ್ಲಿ ಚರ್ಚಿನ ಹಾಡು. ಮಣ್ಣು ಮಾಡಿ ಸ್ವಲ್ಪ ದೂರ ಬಂದ ಮೇಲೆ ಡ್ರಮ್ಮಿನವ ಒಂದು ಏಟು ಹಾಕುತ್ತಾನೆ, ಎಲ್ಲರೂ ಜೋರು ಹಾಡಿಗೆ ತಿರುಗುತ್ತಾರೆ. ಹಿಂದೆ ಬರುವ ಜನ ಕೊಡೆ ಅಲ್ಲಾಡಿಸಿಕೊಂಡು ಕುಣಿಯುತ್ತಾರೆ. ಹೀಗೆ ಎರಡಕ್ಕೂ ಊದಿದ ಬಾಯಿ ಅದು. ನೀವು 'ಅತ್ತ ಹಾಗೂ ಅಲ್ಲ, ನಕ್ಕ ಹಾಗೂ ಅಲ್ಲ' ಅಂದಿರಲ್ಲ, ಅಲ್ಲಿಂದ ಬಂದದ್ದು ಅಂತ ನನ್ನ ಲೆಕ್ಕ.

ಇನ್ನು, ಊದಿಯೇ ಬದುಕಿದರಾ ಅಂತ ಕೇಳಿದಿರಿ. ಇಲ್ಲ. ಲೂಯಿಸ್ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಚುಮಟ್ಟು ಕೆಲಸವೇ. ನೋಡಲು ತೀರಾ ಸಣಕಲು ಆಸಾಮಿ, ಫೋಟೋದಲ್ಲಿ ಕೋಟು ಹ್ಯಾಂಗರಿಗೆ ಹಾಕಿದ ಹಾಗೆ ಕಾಣುತ್ತದೆ. ಆ ಮೈಯಲ್ಲಿ ಹಗಲು ಮೂಟೆ, ರಾತ್ರಿ ಕ್ಲಾರಿನೆಟ್. ಅವರೊಬ್ಬರೇ ಅಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸವೇ ಇಲ್ಲದ ಕಾಲ ಬಂತಲ್ಲ, ಆಗ ಎಲ್ಲರದ್ದೂ ಇದೇ ಪಾಡು. ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ರೆಕಾರ್ಡಿಂಗಿನಲ್ಲಿ ಊದಿದ ಜಾನಿ ಡಾಡ್ಸ್ ಅಂಥ ದೊಡ್ಡ ಕ್ಲಾರಿನೆಟ್ಟಿನವರು ಶಿಕಾಗೋದಲ್ಲಿ ತಮ್ಮನ ಜೊತೆ ಟ್ಯಾಕ್ಸಿ ನಡೆಸಿದರು. ಸಿಡ್ನಿ ಬೆಶೆ ಅಂತ ಇನ್ನೊಬ್ಬರು, ಪ್ಯಾರಿಸ್ಸಿನಲ್ಲೆಲ್ಲ ಹೆಸರು ಮಾಡಿದವರು, ನ್ಯೂಯಾರ್ಕಿನಲ್ಲಿ ದರ್ಜಿ ಅಂಗಡಿ ಇಟ್ಟರು. ಇದನ್ನು ಓದಿಸಿಕೊಂಡ ದಿನ ನಾನು ನನ್ನ ಮದ್ದಿನ ಪಂಪನ್ನು ಸ್ವಲ್ಪ ಮರ್ಯಾದೆಯಿಂದ ನೋಡಿದೆ.

ಲೂಯಿಸ್ ಧ್ವನಿ ಮೊದಲ ಸಲ ರೆಕಾರ್ಡ್ ಆದದ್ದು 1942ರಲ್ಲಿ. ವಯಸ್ಸು 41. ಅದೂ ಅವರನ್ನು ಹುಡುಕಿಕೊಂಡು ಬಂದದ್ದಲ್ಲ. ಬಂಕ್ ಜಾನ್ಸನ್ ಅಂತ ಒಬ್ಬ ಹಳೇ ಟ್ರಂಪೆಟ್ಟಿನವರು ಯಾವುದೋ ಸಣ್ಣ ಊರಲ್ಲಿ ಮೂಲೆಗುಂಪಾಗಿದ್ದರು. ಹಲ್ಲು ಹೋಗಿ ಊದುವುದನ್ನೇ ಬಿಟ್ಟಿದ್ದರು. ಜಾಝ್ ಹುಚ್ಚಿನ ಕೆಲವರು ಅವರನ್ನು ಪತ್ತೆ ಮಾಡಿ, ದುಡ್ಡು ಸೇರಿಸಿ, ಹಲ್ಲು ಕಟ್ಟಿಸಿ, ಟ್ರಂಪೆಟ್ ಕೊಡಿಸಿದರು. ಹಲ್ಲು ಕಟ್ಟಿದ ಡಾಕ್ಟರ್ ಯಾರು ಗೊತ್ತಾ? ಆಗ ಹೇಳಿದ ಸಿಡ್ನಿ ಬೆಶೆಯ ಅಣ್ಣ.

ಹಲ್ಲಿನ ವಿಷಯ ಬಂತು, ನನ್ನದೂ ಒಂದು ಹೇಳಿಬಿಡುತ್ತೇನೆ. 1998ರ ಮಳೆಗಾಲದಲ್ಲಿ ಸೀತಾಂಗೋಳಿ ಹತ್ತಿರ ಬೈಕಿನಿಂದ ಬಿದ್ದೆ. ಮೇಲಿನ ಎರಡು ಮುಂದಿನ ಹಲ್ಲು ಅಲ್ಲೇ ರಸ್ತೆಗೆ. ಊದುವವನಿಗೆ ಇದು ಬಡಗಿಯ ಬೆರಳು ಹೋದ ಹಾಗೆ. ಒಂದು ಕಡೆ ಹಲ್ಲು ಕಟ್ಟಿಸಿದೆ. ನಾನು ಊದುವವ, ಗಟ್ಟಿ ಇರಲಿ ಅಂತ ಮೂರು ಸಲ ಹೇಳಿದೆ. ಅವರು ಮೂರು ಸಲವೂ 'ಆಯಿತು' ಅಂದರು. ಪೆರ್ಲದ ಕಡೆ ಒಂದು ದಿಬ್ಬಣ. ವರನ ಕಾರು ಚಪ್ಪರದ ಎದುರು ನಿಂತಿದೆ, ನಾನು ಮೇಲಿನ ಸ್ವರಕ್ಕೆ ಹೋದೆ, ಹಲ್ಲಿನ ಸೆಟ್ಟು ಜಾರಿ ಮೌತ್‌ಪೀಸಿನ ಮೇಲೆ ಕೂತಿತು. ವಾದ್ಯದಿಂದ ಬಂದದ್ದು ಬರೀ 'ಸುಯ್' ಅಂತ ಗಾಳಿ. ಪಕ್ಕದ ಟ್ರಂಪೆಟ್ಟಿನವ ನಗು ತಡೆಯಲಾಗದೆ ಅವನೂ ನಿಲ್ಲಿಸಿದ. ಡ್ರಮ್ ಮಾತ್ರ ಉಳಿಯಿತು. ವರ ಹಾಗೇ ಇಳಿದು ಹೋದ. ಆ ದಿನದ ನನ್ನ ಪಾಲು ಹಿಡಿದುಕೊಂಡರು ಅನ್ನುವುದು ಬೇರೆ ಮಾತು. ಆಮೇಲೆ ಮೇಲಿನ ತುಟಿಯನ್ನೂ ಒಳಗೆ ಮಡಚಿ ಹಿಡಿದು ಊದಲು ಕಲಿತೆ. ಹಲ್ಲು ಮೌತ್‌ಪೀಸಿಗೆ ತಾಗುವುದೇ ಇಲ್ಲ. ಹಿಂದಿನವರಲ್ಲಿ ಹಾಗೆ ಊದುವವರು ಬೇಕಾದಷ್ಟು ಇದ್ದರು.

ಎಲ್ಲಿಗೆ ಬಂದೆ? ಹಾಂ, 1942. ಬಂಕ್ ಜಾನ್ಸನ್ನರ ಆ ರೆಕಾರ್ಡಿಂಗಿಗೆ ಕ್ಲಾರಿನೆಟ್ ಬೇಕಿತ್ತು, ಲೂಯಿಸರನ್ನು ಕರೆದರು. ಆಮೇಲೆ 1944. ನೀವು ಹದಿನಾಲ್ಕು ಸಲ ಕೇಳಿದ್ದು ಇದನ್ನೇ. ಬಂದರಿನಲ್ಲಿ ಭಾರದ ಪೆಟ್ಟಿಗೆ ಬಿದ್ದು ಅವರ ಎದೆ ಜಜ್ಜಿಹೋಗುವುದರಲ್ಲಿತ್ತು. ಮನೆಯಲ್ಲಿ ಮಲಗಿದಲ್ಲೇ. ಎದೆಗೆ ಪೆಟ್ಟು ಬಿದ್ದ ಊದುವವನ ಅವಸ್ಥೆ ಯೋಚಿಸಿ. ಅಲ್ಲಿಗೆ ಇಬ್ಬರು ಗೆಳೆಯರು ವಾದ್ಯ ಎತ್ತಿಕೊಂಡು ಬಂದರು. ಬ್ಯಾಂಜೋದ ಲಾರೆನ್ಸ್ ಮರೇರೋ, ಮತ್ತು ದೊಡ್ಡ ಬಾಸಿನ ಪಾವಝೋ. ಈ ಪಾವಝೋಗೆ 'ಸ್ಲೋ ಡ್ರ್ಯಾಗ್' ಅಂತ ಅಡ್ಡಹೆಸರು. ಅದು ಒಂದು ಕುಣಿತದ ಹೆಸರು, ಅವರು ಮೊದಲು ಹೆಸರಾಂತ ಡ್ಯಾನ್ಸರ್. ಬಾಸ್ ಹಿಡಿದದ್ದು ನಲವತ್ತರ ಹತ್ತಿರ ಬಂದ ಮೇಲೆ, ಅದನ್ನೂ ತಾವೇ ಮಾಡಿಕೊಂಡದ್ದು. (31ಕ್ಕೆ ತಡ ಆಯಿತಾ ಅಂತ ಕೇಳಿದಿರಲ್ಲ!) ಬಿಲ್ ರಸೆಲ್ ಅನ್ನುವ ಸಂಗೀತದವರು ತಟ್ಟೆ ಕೊರೆಯುವ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಅದೇ ಮನೆಗೆ ಬಂದರು. ಮಲಗುವ ಕೋಣೆಯಲ್ಲಿ ಮೂರು ಜನ, ಒಂದು ಯಂತ್ರ. ಅದೇ ಬರ್ಗಂಡಿ ಸ್ಟ್ರೀಟ್ ಬ್ಲೂಸ್. ಡ್ರಮ್ ಇಲ್ಲ, ಟ್ರಂಪೆಟ್ ಇಲ್ಲ. ಜೋರಾಗಿ ಊದಬೇಕಾದ ಅಗತ್ಯವೇ ಇರಲಿಲ್ಲ, ಊದಲು ಆಗುತ್ತಲೂ ಇರಲಿಲ್ಲ. ಇನ್ನೊಮ್ಮೆ ಕೇಳುವಾಗ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಕಿವಿಗೊಡಿ. ಒಂದೊಂದು ಸಾಲೂ ಉಸಿರಿದ್ದಷ್ಟೇ ಉದ್ದ.

ಆಮೇಲಿನದ್ದು ಬೇಗ ಹೇಳುತ್ತೇನೆ, ಬೆರಳು ನೋಯುತ್ತಿದೆ. 1945ರಲ್ಲಿ ಬಂಕ್ ಜೊತೆ ನ್ಯೂಯಾರ್ಕಿಗೆ ಹೋದರು. ಸ್ಟೈವೆಸಂಟ್ ಕ್ಯಾಸಿನೋ ಅಂತ ಒಂದು ಹಾಲಿನಲ್ಲಿ ಜನ ಮುಗಿಬಿದ್ದರು. ಬಂಕ್ ಬಿಟ್ಟ ಮೇಲೆ ಬ್ಯಾಂಡ್ ಲೂಯಿಸರದ್ದಾಯಿತು. 1950ರಲ್ಲಿ 'ಲುಕ್' ಅಂತ ಪತ್ರಿಕೆಯಲ್ಲಿ ಫೋಟೋ ಬಂತು. ತೆಗೆದ ಹುಡುಗ ಮುಂದೆ ದೊಡ್ಡ ಸಿನಿಮಾ ನಿರ್ದೇಶಕ ಆದ ಸ್ಟಾನ್ಲಿ ಕುಬ್ರಿಕ್. ಮಗಳು ಇದನ್ನು ಓದಿ ಕುಣಿದಾಡಿದಳು, ನನಗೆ ಆ ಹೆಸರು ಗೊತ್ತಿರಲಿಲ್ಲ. 1957ರಲ್ಲಿ ಇಂಗ್ಲೆಂಡಿಗೆ. ಕರೆಸಿಕೊಂಡವರಲ್ಲಿ ಕೆನ್ ಕೋಲಿಯರ್ ಅಂತ ಒಬ್ಬರು. ಅವರು ಹಡಗಿನ ಕೆಲಸಕ್ಕೆ ಸೇರಿ, 1952ರಲ್ಲಿ ಅಮೆರಿಕದಲ್ಲಿ ಹಡಗು ಬಿಟ್ಟು, ನ್ಯೂ ಆರ್ಲಿಯನ್ಸ್ ಸೇರಿ ಲೂಯಿಸರ ಬ್ಯಾಂಡಿನ ಜೊತೆ ಊದಿದವರು. ವೀಸಾ ಮೀರಿ ಉಳಿದದ್ದಕ್ಕೆ ಒಳಗೆ ಹಾಕಿದರು. ವೀಸಾ ಮುಗಿದು ಒಳಗೆ ಹೋಗುವುದು ಅಂದರೆ ಎಂತ ಅಂತ ಉಪ್ಪಳದಿಂದ ಕಾಞಂಗಾಡಿನವರೆಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮವರು ಗಲ್ಫಿಗೆ ಹೋಗುವುದು ದುಡ್ಡಿಗೆ, ಆ ಮನುಷ್ಯ ಹೋದದ್ದು ಒಂದು ಧ್ವನಿಗೆ.

1961ರಲ್ಲಿ ಅವರ ಊರಲ್ಲೇ ಪ್ರಿಸರ್ವೇಶನ್ ಹಾಲ್ ಶುರುವಾಯಿತು. ಹೆಸರು ಹಾಲ್, ನಿಜಕ್ಕೂ ಒಂದು ಹಳೇ ಕೋಣೆ, ಕೂರಲು ಬೆಂಚು. ಕುಡಿಯಲು ಕೊಡುವುದಿಲ್ಲ, ಕೇಳಲು ಮಾತ್ರ. ಹಳಬರೆಲ್ಲ ಅಲ್ಲಿ ಊದಿದರು, ಲೂಯಿಸ್ ಕೂಡ. 1963ರಿಂದ ಮೂರು ವರ್ಷ ಸಾಲಾಗಿ ಜಪಾನಿಗೆ ಹೋಗಿ ಬಂದರು. 1968ರ ಕೊನೇ ದಿನ, ಡಿಸೆಂಬರ್ 31ಕ್ಕೆ ತೀರಿಕೊಂಡರು. ಮಣ್ಣಿಗೆ ಕರೆದೊಯ್ದದ್ದು ಬ್ಯಾಂಡಿನ ಜೊತೆ.

ನಿಮ್ಮ ವಾದ್ಯದ ಬಗ್ಗೆ. ಕೆಳಗಿನ ತುಂಡಿನಲ್ಲಿ ಬಲಗೈ ಕಿರುಬೆರಳು ಬರುವ ಜಾಗ ನೋಡಿ. ಅಲ್ಲಿ ನಾಲ್ಕು ಕೀ ಇದ್ದರೆ ಅದು ಕೀ ಜೋಡಿಸುವ ಈಗಿನ ಕ್ರಮ, ಬೋಮ್ ಪದ್ಧತಿ. ಎರಡೇ ಇದ್ದರೆ ಆಲ್ಬರ್ಟ್ ಪದ್ಧತಿ, ಹಳೇದು. ನೋಡಿ ಹೇಳಿ, ಅಲ್ಲಿವರೆಗೆ ಹೊಸದು ಕೊಳ್ಳಬೇಡಿ.


ಬೇಳದ ಟೀಚರ್:

ಹಳೇ ಬ್ಯಾಂಡಿನವರೇ, ಹಲ್ಲಿನ ಕಥೆ ಓದಿ ಮನೆಯವರೆಲ್ಲ ನಕ್ಕೆವು, ಕ್ಷಮಿಸಿ. ಆದರೆ ಒಂದು ತಕರಾರು ಉಂಟು.

ನಮ್ಮದು ಇಗರ್ಜಿ ಬ್ಯಾಂಡಿನ ಮನೆ. ನನ್ನ ಡ್ಯಾಡಿ ಹಬ್ಬದ ಮೆರವಣಿಗೆಗೆ ಕ್ಲಾರಿನೆಟ್ ಊದುತ್ತಿದ್ದರು. ನಾನು ಮಕ್ಕಳಿಗೆ ಸ್ಟಾಫ್ ನೊಟೇಶನ್, ಅಂದರೆ ಗೆರೆಗಳ ಮೇಲೆ ಸ್ವರ ಬರೆದು ಓದುವುದು, ಹೇಳಿಕೊಡುತ್ತೇನೆ. ಲೂಯಿಸ್ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಎಷ್ಟೋ ರೆಕಾರ್ಡಿಂಗಿನಲ್ಲಿ ಪಿಯಾನೋ ಒಂದು ಕಡೆ, ಅವರು ಒಂದು ಕೂದಲು ಮೇಲೆ. ಭಾವ ಉಂಟು ಅಂತ ಶ್ರುತಿಯನ್ನು ಮಾಫಿ ಮಾಡಬೇಕಾ? ನನ್ನ ಶಾಲೆಯ ಮಕ್ಕಳು ಹಾಗೆ ಊದಿದರೆ ನಿಲ್ಲಿಸಿ ಸರಿ ಮಾಡಿಸುತ್ತೇನೆ.

ಅದೇ ಊರಿನಲ್ಲಿ ಕ್ರಮವಾಗಿ ಕಲಿತವರೂ ಇದ್ದರಲ್ಲ. ಲೊರೆಂಜೊ ಟಿಯೊ ಜೂನಿಯರ್ ಅಂತ ಒಬ್ಬ ಮೇಷ್ಟ್ರು. ಅವರ ಕೈಯಲ್ಲಿ ಕಲಿತ ಬಾರ್ನಿ ಬಿಗಾರ್ಡ್ 1942ರವರೆಗೆ ಡ್ಯೂಕ್ ಎಲಿಂಗ್ಟನ್ ಅವರ ಹೆಸರಾಂತ ಜಾಝ್ ಬ್ಯಾಂಡಿನಲ್ಲಿ ಇದ್ದರು. ಅವರ ಕೆಳಗಿನ ಸ್ಥಾಯಿ ಕೇಳಿ, ಮರದ ಒಳಗಿಂದ ಜೇನು ಇಳಿದ ಹಾಗೆ. ಇನ್ನೊಂದು ಮಾತು. ಆ 1945ರಲ್ಲಿ ಅದೇ ನ್ಯೂಯಾರ್ಕಿನಲ್ಲಿ ಚಾರ್ಲಿ ಪಾರ್ಕರ್ ಸ್ಯಾಕ್ಸೋಫೋನ್ ಹಿಡಿದು ಜಾಝನ್ನೇ ಬೇರೆ ಕಡೆ ಎಳೆದುಕೊಂಡು ಹೋಗುತ್ತಿದ್ದರು. ಹಳೇದನ್ನೇ ಹಿಡಿದು ಕೂತವರನ್ನು 'ಬೂಸ್ಟು ಹಿಡಿದ ಅಂಜೂರ' ಅಂತ ಆಗಲೇ ಗೇಲಿ ಮಾಡಿದ್ದುಂಟು.

ಬದಿಯಡ್ಕದವರೇ, ನಿಮಗೆ ಹಿತವಾದದ್ದು ಬೇಕಾದರೆ ಇಂಗ್ಲೆಂಡಿನ ಆಕರ್ ಬಿಲ್ಕ್ ಕೇಳಿ. ಅವರೂ ಈ ಹಳೇ ಪಂಥದವರೇ. ಸೈನ್ಯದಲ್ಲಿ ಈಜಿಪ್ಟಿನಲ್ಲಿದ್ದಾಗ ಕ್ಲಾರಿನೆಟ್ ಹಿಡಿದವರು. ಕಾವಲಿನಲ್ಲಿ ನಿದ್ದೆ ಮಾಡಿ ಸಿಕ್ಕಿಬಿದ್ದು ಮಿಲಿಟರಿ ಜೈಲಿಗೆ ಹೋದರು, ಅಲ್ಲಿ ಸಾಧನೆಗೆ ಬೇಕಾದಷ್ಟು ಸಮಯ ಸಿಕ್ಕಿತು. ಅವರ 'ಸ್ಟ್ರೇಂಜರ್ ಆನ್ ದಿ ಶೋರ್' 1962ರಲ್ಲಿ ಅಮೆರಿಕದಲ್ಲೂ ಒಂದನೇ ಸ್ಥಾನಕ್ಕೆ ಹೋಗಿತ್ತು. ಡ್ಯಾಡಿ ಮಳೆ ಬರುವಾಗ ಪಡಸಾಲೆಯಲ್ಲಿ ಕೂತು ಅದನ್ನೇ ಊದುತ್ತಿದ್ದರು. ಅಂದ ಹಾಗೆ, ಬಿಲ್ಕ್ ಅವರಿಗೂ ಎರಡು ಮುಂದಿನ ಹಲ್ಲು ಇರಲಿಲ್ಲ. ಶಾಲೆಯ ಜಗಳದಲ್ಲಿ ಹೋದದ್ದು!

ಕಲಿಯುವುದಾದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಕೊಳಲಿನಲ್ಲಿ, ಸ್ಯಾಕ್ಸೋಫೋನಿನಲ್ಲಿ ಕೆಳಗಿನ ಸ ಹಿಡಿದ ಬೆರಳಲ್ಲೇ ಮೇಲಿನ ಸ ಬರುತ್ತದೆ. ಕ್ಲಾರಿನೆಟ್ಟಿನಲ್ಲಿ ಬರುವುದಿಲ್ಲ. ಎಡಗೈ ಹೆಬ್ಬೆರಳಿನ ಕೀ ಒತ್ತಿದರೆ ನೇರ ಮೇಲಿನ ಸ್ಥಾಯಿಯ ಪ ಗೆ ಹಾರುತ್ತದೆ. ಹಾಗಾಗಿ ಕೆಳಗೊಂದು ಬೆರಳ ಲೆಕ್ಕ, ಮೇಲೊಂದು. ತುಂಬಾ ಜನ ಇಲ್ಲೇ ಬೇಸತ್ತು ಬಿಡುತ್ತಾರೆ.


ಹಳೇ ಬ್ಯಾಂಡಿನವ:

ಟೀಚರೇ, ನೀವು ಹೇಳಿದ್ದು ಸರಿ. ಶ್ರುತಿ ಆಚೀಚೆ ಆಗುತ್ತದೆ. ನಾನು ಇಲ್ಲ ಅನ್ನುವುದಿಲ್ಲ. ಬಿಗಾರ್ಡ್ ನನಗೂ ಇಷ್ಟ.

ಆದರೆ ಲೂಯಿಸ್ ಊದುವ ಜಾಗ ಬೇರೆ. ಆ ಊರಿನ ಬ್ಯಾಂಡಿನಲ್ಲಿ ಟ್ರಂಪೆಟ್ ಹಾಡು ಹಿಡಿದುಕೊಂಡು ನೇರ ಹೋಗುತ್ತದೆ. ಟ್ರಾಂಬೋನ್ ಬುಡದಲ್ಲಿ ಜಾರುತ್ತಾ ಇರುತ್ತದೆ. ಕ್ಲಾರಿನೆಟ್ಟಿಗೆ ಹಾಡು ಇಲ್ಲ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಬಿಟ್ಟ ಹಾಗೆ ಅದು ಸುತ್ತಿಕೊಂಡು ಮೇಲೆ ಹೋಗಬೇಕು, ಮರದ ಹಿಡಿತ ತಪ್ಪಬಾರದು, ಮರವೇ ಆಗಲೂಬಾರದು. ಬೀದಿಯಲ್ಲಿ, ತಾಮ್ರದ ವಾದ್ಯಗಳ ನಡುವೆ, ಮೈಕ್ ಇಲ್ಲದೆ ಇದನ್ನು ಮಾಡಿ ನೋಡಿ. ತಾನು ಕೇಳಿಸಬೇಕಾದರೆ ಊದುವವ ತಿಳಿಯದೆ ಸ್ವಲ್ಪ ಮೇಲೆ ಒತ್ತುತ್ತಾನೆ. ನಾನೂ ಒತ್ತಿದ್ದೇನೆ. ನಿಮ್ಮ ಡ್ಯಾಡಿಯೂ ಹಬ್ಬದ ಮೆರವಣಿಗೆಯಲ್ಲಿ ಒತ್ತಿರಬಹುದು, ಪಡಸಾಲೆಯಲ್ಲಿ ಒತ್ತುತ್ತಿರಲಿಲ್ಲ. ಎರಡೂ ಒಬ್ಬರೇ ಅಲ್ವಾ?

ಕೋಣೆಯಲ್ಲಿ ಮಲಗಿದ್ದಾಗಿನ ಆ ಮೂರು ನಿಮಿಷದಲ್ಲಿ ಶ್ರುತಿ ನೋಡಿ, ಆಮೇಲೆ ಬೈಯಿರಿ. ಮತ್ತೆ ಆ ಬೂಸ್ಟು ಹಿಡಿದ ಅಂಜೂರದ ಪಾರ್ಟಿಗೆ ನನ್ನದೊಂದು ಹೆಸರು ಸೇರಿಸಿಕೊಳ್ಳಿ.


ಬದಿಯಡ್ಕದವ:

ಅಬ್ಬ, ಇಷ್ಟು ಉತ್ತರ ಬರುತ್ತದೆ ಅಂತ ಗೊತ್ತಿರಲಿಲ್ಲ. ಇಬ್ಬರಿಗೂ ಥ್ಯಾಂಕ್ಸ್.

ಅಣ್ಣಾ, ನೋಡಿದೆ. ಕಿರುಬೆರಳಿನ ಹತ್ತಿರ ಎರಡೇ ಕೀ. ಎರಡರ ನಡುವೆ ಸಣ್ಣ ಉರುಳೆಯ ಹಾಗೆ ಉಂಟು, ಬೆರಳು ಜಾರಿಸಿದರೆ ತಿರುಗುತ್ತದೆ. ಮೇಲೆ ಮುದ್ರೆ ಸವೆದಿದೆ, 'ಮೀರತ್' ಅನ್ನುವಷ್ಟು ಮಾತ್ರ ಓದಲು ಆಗುತ್ತದೆ. ತುಂಡು ಸೇರಿಸುವ ಜಾಗದಲ್ಲಿ ಕಾರ್ಕ್ ಇಲ್ಲ, ಬಿಳಿ ನೂಲು ಸುತ್ತಿ ಮೇಣ ಹಚ್ಚಿದ್ದಾರೆ. ಒಂದು ಕೀಗೆ ಸ್ಪ್ರಿಂಗ್ ಬದಲು ರಬ್ಬರ್ ಬ್ಯಾಂಡ್ ಇತ್ತು ಅಂತ ಕಾಣುತ್ತದೆ, ಕರಗಿ ಅಂಟಿಕೊಂಡಿದೆ. ಒಂದು ತೂತಿನ ಮುಚ್ಚಳಕ್ಕೆ ಕೆಂಪು ಚರ್ಮ, ಯಾವುದೋ ಪರ್ಸಿನದ್ದು.

ಪೆಟ್ಟಿಗೆಯ ಬಟ್ಟೆಯ ಒಳಗೆ ಒಂದು ಸಣ್ಣ ನೋಟುಬುಕ್ಕೂ ಸಿಕ್ಕಿತು. ಅಜ್ಜನ ಅಕ್ಷರ. ಹಾಡೋ ಸ್ವರವೋ ಇರಬಹುದು ಅಂತ ಆಸೆಯಿಂದ ತೆರೆದೆ. ಬರೀ ಲೆಕ್ಕ. 'ಮಾನ್ಯ, 35, ಸಂದಾಯ.' 'ನೀರ್ಚಾಲು, 40, ಸಂದಾಯ, ಊಟ ಚಲೋ.' 'ಮುಳ್ಳೇರಿಯ, 45, ಬಾಕಿ 20.' ಈ ಮುಳ್ಳೇರಿಯದ ಬಾಕಿಯನ್ನು ಮುಂದಿನ ಆರು ಪುಟದಲ್ಲೂ ಮತ್ತೆ ಮತ್ತೆ ಬರೆದಿದ್ದಾರೆ. ಕೊನೇ ಪುಟದಲ್ಲೂ ಉಂಟು.

ನಿನ್ನೆ ಊದಿ ನೋಡಿದೆ. ಹತ್ತು ನಿಮಿಷ ಬರೀ ಗಾಳಿ. ಆಮೇಲೆ ಒಂದು ಸಲ 'ಬೋಂ' ಅಂತ ಬಂತು. ಕೆಳಗಿನ ಸ್ವರ ಇರಬೇಕು. ಅಮ್ಮ ಅಡಿಗೆ ಕೋಣೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಎಂತದೂ ಹೇಳಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು.

ಇದನ್ನು ರಿಪೇರಿ ಮಾಡಿಸಬಹುದಾ? ಆಲ್ಬರ್ಟ್ ಆದರೆ ಕಲಿಸುವವರು ಸಿಗುತ್ತಾರಾ?


ಹಳೇ ಬ್ಯಾಂಡಿನವ:

ಆಲ್ಬರ್ಟೇ. ನಾನು ಮೊದಲೇ ಅಂದುಕೊಂಡಿದ್ದೆ. ನಮ್ಮ ಕಡೆಯ ಬ್ಯಾಂಡ್ ಸೆಟ್ಟಿನವರಲ್ಲಿ ಹೆಚ್ಚಿನವರ ಕೈಯಲ್ಲಿ ಇದ್ದದ್ದು ಅದೇ. ಬ್ಯಾಂಡ್ ವಾದ್ಯ ಮಾಡುವ ಊರು ಅಂದರೆ ಮೀರತ್. ಈಗ ಒಂದು ಗುಟ್ಟು ಹೇಳುತ್ತೇನೆ. ಜಾರ್ಜ್ ಲೂಯಿಸ್ ಊದಿದ್ದೂ ಆಲ್ಬರ್ಟ್. ಜಾನಿ ಡಾಡ್ಸ್, ಸಿಡ್ನಿ ಬೆಶೆ, ಟೀಚರ್ ಹೊಗಳಿದ ಬಿಗಾರ್ಡ್, ಎಲ್ಲರದ್ದೂ ಆಲ್ಬರ್ಟ್. ವುಡಿ ಅಲೆನ್ ಅಂತ ಸಿನಿಮಾದವರು ಲೂಯಿಸ್ ಹುಚ್ಚಿನಲ್ಲಿ ಇವತ್ತಿಗೂ ಅದನ್ನೇ ಊದುತ್ತಾರಂತೆ. ನಿಮ್ಮ ಅಜ್ಜ ಅಟ್ಟದಲ್ಲಿ ಇಟ್ಟುಹೋದದ್ದು ಸರಿಯಾದ ವಾದ್ಯವನ್ನೇ.

ಇನ್ನು ಊದಬೇಡಿ, ಸ್ವಲ್ಪ ತಾಳಿ. ಹಳೇ ಮರಕ್ಕೆ ಒಮ್ಮೆಲೇ ಉಸಿರಿನ ತೇವ ಕೊಟ್ಟರೆ ಸೀಳುತ್ತದೆ. ಒಳಗೆ ಒಣ ಬಟ್ಟೆ ಹಾಯಿಸಿ, ಬಿಸಿಲಿಗೆ ಇಡಬೇಡಿ, ಫ್ಯಾನಿನ ಕೆಳಗೂ ಬೇಡ. ಹಳೇ ರೀಡು, ಮೌತ್‌ಪೀಸಿಗೆ ಕಟ್ಟುವ ಆ ತೆಳು ಪಟ್ಟಿ, ಬಿಸಾಡಿ. ಅದರಲ್ಲಿ 30 ವರ್ಷದ ಬೂಸ್ಟು ಉಂಟು, ಅದನ್ನು ನಿನ್ನೆ ಬಾಯಿಗೆ ಇಟ್ಟುಕೊಂಡಿರಿ ಅಲ್ವಾ? ಬಿಸಿನೀರಿನಲ್ಲಿ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಹೊಸ ರೀಡು ಎರಡರ ನಂಬರಿನದ್ದು ತರಿಸಿಕೊಳ್ಳಿ, ಮೂರು ಬೇಡ, ನಿಮ್ಮ ತುಟಿ ಇನ್ನೂ ಹಸಿ. ಆ ರಬ್ಬರ್ ಬ್ಯಾಂಡ್ ಸೀಮೆಎಣ್ಣೆ ಮುಟ್ಟಿಸಿ ಬಿಡಿಸಬಹುದು, ಮರಕ್ಕೆ ತಾಗಿಸಬೇಡಿ. ಸ್ಪ್ರಿಂಗಿಗೆ ಹೊಲಿಗೆ ಸೂಜಿ ಸಾಕು, ನಾನು ಹಾಕಿ ಕೊಡುತ್ತೇನೆ. ಕೆಂಪು ಚರ್ಮ ಹಾಗೇ ಇರಲಿ, ಗಾಳಿ ಬಿಡದಿದ್ದರೆ ಬದಲಿಸುವುದು ಯಾಕೆ?

ಮುಳ್ಳೇರಿಯದ ಲೆಕ್ಕ ಓದಿ ನಗು ಬಂತು. ಆ ಕಡೆ ಒಂದು ಮದುವೆಯದ್ದು ನನಗೂ 60 ರೂಪಾಯಿ ಬರಬೇಕು. ಒಂದೇ ಮನೆಯೋ ಏನೋ, ನೋಟುಬುಕ್ಕಿನಲ್ಲಿ ಮನೆಯ ಗುರುತು ಉಂಟಾ ನೋಡಿ.

ಮುಂದಿನ ಭಾನುವಾರ ಬೆಳಿಗ್ಗೆ ಬನ್ನಿ. ಕುಂಬಳೆ ಸ್ಟೇಶನ್ನಿನ ಹತ್ತಿರ ಬಂದು ಇಲ್ಲೇ ಒಂದು ಮೆಸೇಜ್ ಹಾಕಿ, ಮಗಳು ಬಂದು ಕರೆದುಕೊಂಡು ಬರುತ್ತಾಳೆ. ಅಮ್ಮನನ್ನೂ ಕರೆದುಕೊಂಡು ಬನ್ನಿ. ಟೀಚರೇ, ನೀವೂ ಬನ್ನಿ, ಡ್ಯಾಡಿಯವರ ವಾದ್ಯ ಇದ್ದರೆ ತನ್ನಿ. ಶ್ರುತಿ ನೀವು ನೋಡಿಕೊಳ್ಳಿ. ನಾನು ಹಲ್ಲು ಹಾಕಿಕೊಂಡು ಕಾಯುತ್ತಿರುತ್ತೇನೆ.


ಬೇಳದ ಟೀಚರ್:

ಬರುತ್ತೇನೆ. ಭಾನುವಾರ ಪೂಜೆ ಮುಗಿಸಿ ಹತ್ತೂವರೆಗೆ. ಶ್ರುತಿ ಅಳೆಯುವ ಟ್ಯೂನರ್ ತರುತ್ತೇನೆ, ಆಮೇಲೆ ಮುನಿಸಿಕೊಳ್ಳಬಾರದು.


ಸುಮ್ನೆ ಬಂದವ:

ಕೇಳಲು ಮಾತ್ರ ಒಬ್ಬ ಬರಬಹುದಾ?